ಸಿಮೆಂಟ್ ತರಿಸುತ್ತಿದ್ದ ಲಾಗೋಸ್ ಈಗ ಕಳಿಸುತ್ತಿದೆ

ಲಾಗೋಸಿನಲ್ಲಿ ಡಾಂಗೋಟೆ ಸಿಮೆಂಟ್ ಲಾರಿ ಕಣ್ಣಿಗೆ ಬೀಳದ ದಿನವಿಲ್ಲ. ನಾನು ಸೇಡಂ ಕಡೆಯವನು, ಸುಣ್ಣದಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ನೋಡುತ್ತಲೇ ಬೆಳೆದವನು. ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದ ಮೇಲೆ ಈ ಕಂಪನಿಯ ಕಥೆ ಕೆದಕದೆ ಇರಲಾಗಲಿಲ್ಲ.

1975ರ ಹೊತ್ತಿಗೆ ನೈಜೀರಿಯಾ ಸರ್ಕಾರ ಹೊರದೇಶಗಳಿಂದ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಟಿತ್ತು. ಅಷ್ಟನ್ನು ಇಳಿಸಿಕೊಳ್ಳುವ ತಾಕತ್ತು ಲಾಗೋಸ್ ಬಂದರಿಗೆ ಎಲ್ಲಿತ್ತು? ನೂರಾರು ಹಡಗುಗಳು ತಿಂಗಳುಗಟ್ಟಲೆ ಕಡಲಲ್ಲೇ ನಿಂತವು. ತೇವ ತಗುಲಿ ಎಷ್ಟೋ ಸಿಮೆಂಟ್ ಹಡಗಿನ ಹೊಟ್ಟೆಯಲ್ಲೇ ಕಲ್ಲಾಯಿತು.

ಅಲಿಕೊ ಡಾಂಗೋಟೆಯವರೂ ಮೊದಲು ಸಿಮೆಂಟ್ ತರಿಸಿ ಮಾರುತ್ತಿದ್ದ ವ್ಯಾಪಾರಿಯೇ. ಇಲ್ಲೇ ಕಾರ್ಖಾನೆ ಕಟ್ಟುವವರಿಗಷ್ಟೇ ಆಮದು ಪರವಾನಗಿ ಅಂತ 2002ರಲ್ಲಿ ಸರ್ಕಾರ ಪಟ್ಟು ಹಿಡಿಯಿತು. ಕೋಗಿ ರಾಜ್ಯದ ಒಬಾಜನಾದಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಆಮೇಲೆ ಕಂಪನಿ ಗಡಿ ದಾಟಿತು. 2015ರ ಸುಮಾರಿಗೆ ಸೆನೆಗಲ್, ಕ್ಯಾಮರೂನ್, ಇಥಿಯೋಪಿಯಾ, ಜಾಂಬಿಯಾ, ಟಾಂಜಾನಿಯಾದಲ್ಲೂ ಅದರ ಕೆಲಸ ಶುರುವಾಗಿತ್ತು.

ಸಿಮೆಂಟಿಗೆ ತೂಕ ಜಾಸ್ತಿ, ಬೆಲೆ ಕಡಿಮೆ. ದೂರ ಸಾಗಿಸಿದರೆ ಬಾಡಿಗೆಯೇ ಲಾಭ ನುಂಗುತ್ತದೆ. ಅದಕ್ಕೇ ಇಥಿಯೋಪಿಯಾದ ಮುಗೆರ್, ಜಾಂಬಿಯಾದ ಎನ್‌ಡೋಲಾದಂಥ ಕಲ್ಲು ಸಿಗುವ ಕಡೆ ಪೂರ್ತಿ ಕಾರ್ಖಾನೆ ಕಟ್ಟಿದರು. ಕ್ಯಾಮರೂನಿನ ಡೌಲಾದಲ್ಲಿ ಮಾತ್ರ ಬರೀ ಅರೆಯುವ ಘಟಕ. ಅಲ್ಲಿಗೆ ಬೇಕಾದದ್ದು ಕ್ಲಿಂಕರ್, ಅಂದರೆ ಗೂಡಿನಲ್ಲಿ ಸುಟ್ಟು ತೆಗೆದ ಬೂದು ಉಂಡೆಗಳು. ಇವು ಪುಡಿಯಷ್ಟು ಬೇಗ ಕೆಡುವುದಿಲ್ಲ. ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್ ರೆಡಿ. 2020ರಲ್ಲಿ ಲಾಗೋಸಿನ ಅಪಾಪಾ ಬಂದರಿನಿಂದ ಕ್ಲಿಂಕರ್ ತುಂಬಿದ ಹಡಗು ಸೆನೆಗಲ್‌ಗೆ ಹೊರಟಿತು. 1975ರ ಕಥೆ ಗೊತ್ತಿದ್ದವರಿಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಎಲ್ಲ ಕಡೆ ಸಲೀಸಾಗಲಿಲ್ಲ ಬಿಡಿ. ಟಾಂಜಾನಿಯಾದ ಎಂಟ್ವಾರಾ ಗ್ಯಾಸ್ ಸಿಗುವ ಸೀಮೆ. ಆದರೂ ಅಲ್ಲಿನ ಕಾರ್ಖಾನೆ ಮೊದಲು ದುಬಾರಿ ಡೀಸೆಲ್ ಜನರೇಟರ್ ಮೇಲೆ ಓಡಬೇಕಾಯಿತು. 2016ರ ಕೊನೆಗೆ ಉತ್ಪಾದನೆ ಸ್ವಲ್ಪ ಕಾಲ ನಿಂತೂ ಹೋಗಿತ್ತು.

ಈ ಬೆಳವಣಿಗೆ ನೋಡಿ ನನಗೆ ಖುಷಿಯಿದೆ. ಆದರೆ ಇಲ್ಲಿ ಬ್ಲಾಕ್ ಹಾಕುವವರ ಜೊತೆ ಮಾತಿಗೆ ನಿಂತರೆ ಅವರ ಪ್ರಶ್ನೆಯೇ ಬೇರೆ. ಕಲ್ಲೂ ನಮ್ಮದು, ಕಾರ್ಖಾನೆಯೂ ನಮ್ಮದು, ಚೀಲಕ್ಕೆ ಯಾಕಿಷ್ಟು ದುಡ್ಡು? ದುಡ್ಡು ಕೂಡಿದಷ್ಟು ಬ್ಲಾಕ್ ಕೊಂಡು, ವರ್ಷಗಟ್ಟಲೆ ಮನೆ ಕಟ್ಟುವ ಜನ ಇವರು. ಅವರ ಸಿಟ್ಟು ನನಗೆ ನ್ಯಾಯವಾಗಿಯೇ ಕಾಣುತ್ತದೆ. 2024ರ ಫೆಬ್ರವರಿಯಲ್ಲಿ 50 ಕಿಲೋ ಚೀಲದ ಬೆಲೆ 10 ಸಾವಿರ ನಾಯಿರಾ ದಾಟಿದಾಗ ಸರ್ಕಾರವೇ ಕಂಪನಿಗಳನ್ನು ಕರೆದು ಕೂರಿಸಿ, 7ರಿಂದ 8 ಸಾವಿರಕ್ಕೆ ಒಪ್ಪಿಸಬೇಕಾಯಿತು.