ಬೀಜ ಬಾಚಿಕೊಳ್ಳುವ ಕೈ

14 ಡಿಸೆಂಬರ್ 2025, ಭಾನುವಾರ, ರಾತ್ರಿ

ದೊಡ್ಡಮ್ಮ ಮಲಗಿದ್ದಾರೆ. ಹೆಡ್‌ಸೆಟ್ ಚಾರ್ಜಿಗೆ ಹಾಕಿ ಬರೆಯೋಕೆ ಕೂತಿದ್ದೇನೆ. ಇವತ್ತು ಅವರು ಆಡಿದ ಒಂದು ಮಾತಿಗೆ ನನ್ನ ಮೂರು ತಿಂಗಳ ಕೆಲಸದ ದಿಕ್ಕೇ ಬದಲಾಯಿತು.

ಅಳಗುಳಿ ಮಣೆಯನ್ನು ಎಆರ್‌ಗೆ, ಅಂದರೆ ಹೆಡ್‌ಸೆಟ್ ಕಣ್ಣಿಗೆ ಹಾಕಿಕೊಂಡರೆ ಎದುರಿನ ನಿಜವಾದ ಜಾಗದಲ್ಲೇ ಇಲ್ಲದ ವಸ್ತುಗಳೂ ಕಾಣುವ ತಂತ್ರಜ್ಞಾನಕ್ಕೆ, ತರಬೇಕು ಅಂತ ಹೊರಟಿದ್ದೇ ಅವರಿಗಾಗಿ. ದೊಡ್ಡಮ್ಮ ಇರೋದು ಸಾಗರದಲ್ಲಿ (ಈಗ ನಮ್ಮ ಮನೆಗೆ ಬಂದಿದ್ದಾರೆ), ಅವರ ಮಗಳು, ಅಂದರೆ ನಮ್ಮ ಅಕ್ಕ, ನ್ಯೂಜೆರ್ಸಿಯಲ್ಲಿ. ಮಳೆಗಾಲದಲ್ಲಿ ಇಬ್ಬರೂ ಜಗಲಿಯಲ್ಲಿ ಮಣೆ ಇಟ್ಟುಕೊಂಡು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಮಾತಾಗುತ್ತೆ, ಆಟ ಆಗಲ್ಲ. ಅಲ್ಲೊಂದು ಮೇಜು, ಇಲ್ಲೊಂದು ಮೇಜು, ಎರಡರ ಮೇಲೂ ಅದೇ ಮಣೆ, ಅದೇ ಬೀಜ ಕಾಣಬೇಕು ಅನ್ನೋದು ನನ್ನ ಆಸೆ.

ಬೆಳಿಗ್ಗೆ ತಿಂಡಿ ಆದಮೇಲೆ ಹೆಡ್‌ಸೆಟ್ ಹಾಕಿಸಿದೆ. 14 ಗುಳಿ, ನಮ್ಮ ಮನೆ ಲೆಕ್ಕದಲ್ಲಿ ಗುಳಿಗೆ 4ರಂತೆ 56 ಹುಣಸೆ ಬೀಜ. ಹೆಬ್ಬೆರಳು ತೋರುಬೆರಳು ಸೇರಿಸಿದರೆ ಬೀಜ ಕೈಗೆ ಬರುತ್ತೆ, ಬಿಡಿಸಿದರೆ ಬೀಳುತ್ತೆ ಅಂತ ಹೇಳಿಕೊಟ್ಟೆ. ನಾಲ್ಕು ಬೀಜ ಹಾಗೇ ಎತ್ತಿದರು, ಆಮೇಲೆ ಕೈ ನಿಲ್ಲಿಸಿ ಕೇಳಿದರು: "ಪುಟ್ಟೀ, ಬೀಜನ ಹೀಗೆ ಒಂದೊಂದೇ ಚಿವುಟಿ ಎತ್ತೋರು ಯಾರೇ? ಬಾಚ್ಕೊಳ್ಳೋದಲ್ವಾ?"

ಹೌದಲ್ವಾ! ಗುಳಿಗೆ ನಾಲ್ಕು ಬೆರಳು ಇಳಿಸಿ ಬಾಚಿ, ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒಂದೊಂದೇ ಜಾರಿಸುತ್ತಾ ಹೋಗೋದು ಅಳಗುಳಿ ಮಣೆ. ನಾನೂ ಚಿಕ್ಕಂದಿನಲ್ಲಿ ಹಾಗೇ ಆಡಿದವಳು. ಆದರೆ ಹೆಡ್‌ಸೆಟ್ ಮುಂದೆ ಕೂತ ಕೂಡಲೇ ನನ್ನ ಕೈ ಯಂತ್ರ ಕೇಳಿದ ಹಾಗೆ ನಡೆದುಕೊಂಡಿತ್ತು.

ಎಆರ್ ಸಾಧನಗಳು ಈ ವಿಷಯದಲ್ಲಿ ಬಹಳ ದೂರ ಬಂದಿವೆ ಅನ್ನೋದು ನಿಜ. 2016ರ ಮೊದಲ ಹೋಲೋಲೆನ್ಸ್‌ನಲ್ಲಿ (ಮೈಕ್ರೋಸಾಫ್ಟ್‌ನ ಹೆಡ್‌ಸೆಟ್) ವಸ್ತುವಿನ ಕಡೆ ತಲೆ ತಿರುಗಿಸಿ, ಗಾಳಿಯಲ್ಲಿ ತೋರುಬೆರಳು ಬಡಿಯಬೇಕಿತ್ತು. 2019ರಲ್ಲಿ ಬಂದ ಹೋಲೋಲೆನ್ಸ್ 2ರಲ್ಲಿ ವಸ್ತುವನ್ನು ನೇರವಾಗಿ ಕೈಯಿಂದಲೇ ಹಿಡಿಯಬಹುದು. 2024ರ ಆಪಲ್ ವಿಷನ್ ಪ್ರೋದಲ್ಲಿ ಕಣ್ಣಿಂದ ನೋಡಿ, ಕೈ ತೊಡೆಯ ಮೇಲೇ ಇಟ್ಟುಕೊಂಡು ಬೆರಳು ಸೇರಿಸಿದರೆ ಸಾಕು. ತೋಳೆತ್ತಿ ಕೈ ಸೋಲೋದು ತಪ್ಪುತ್ತೆ, ಅದು ನಿಜವಾಗಿಯೂ ದೊಡ್ಡ ಉಪಕಾರ.

ಆದರೆ ಕಣ್ಣಿಂದ ಆರಿಸೋದು ನಮ್ಮ ಆಟಕ್ಕೆ ಹೊಂದಲ್ಲ. ದೊಡ್ಡಮ್ಮ ಆಡುವಾಗ ಅವರ ಮುಖವನ್ನೇ ನೋಡುತ್ತಾ ಕೂತಿದ್ದೆ. ಕೈ ಮೂರನೇ ಗುಳಿಯ ಮೇಲಿದ್ದರೆ ಕಣ್ಣು ಆರನೆಯದರಲ್ಲೋ ಏಳನೆಯದರಲ್ಲೋ ಇರುತ್ತೆ, ಕೊನೆಯ ಬೀಜ ಎಲ್ಲಿ ಬೀಳುತ್ತೆ, ಅದರ ಮುಂದಿನ ಗುಳಿ ಖಾಲಿಯಾ, ಅದರಾಚೆ ಎಷ್ಟಿದೆ ಅಂತ ಎಣಿಸುತ್ತಾ ಇರುತ್ತೆ. ಕಣ್ಣು ಇದ್ದಲ್ಲಿ ಬೀಜ ಹಾಕಿದರೆ ಆಟವೇ ಕೆಟ್ಟಿತು.

ಹಾಗಾದರೆ ಬಾಚೋದನ್ನು ಯಂತ್ರಕ್ಕೆ ಗೊತ್ತು ಮಾಡೋದು ಹೇಗೆ? ನಾನು ಬಳಸುವ ಓಪನ್‌ಎಕ್ಸ್‌ಆರ್‌ನಲ್ಲಿ (ಬೇರೆ ಬೇರೆ ಹೆಡ್‌ಸೆಟ್‌ಗಳಿಗೆ ಪ್ರೋಗ್ರಾಂ ಬರೆಯೋಕೆ ಇರುವ ಸಾಮಾನ್ಯ ಸ್ಟ್ಯಾಂಡರ್ಡ್) ಯಂತ್ರ ಒಂದು ಕೈಯಲ್ಲಿ ಗುರುತಿಸೋದು 26 ಬಿಂದು: ಅಂಗೈ, ಮಣಿಕಟ್ಟು, ಬೆರಳುಗಳ ಗೆಣ್ಣು, ತುದಿ. ಕೇಳೋಕೆ ಧಾರಾಳ ಅನ್ನಿಸುತ್ತೆ. ಆದರೆ ಕ್ಯಾಮೆರಾ ಇರೋದು ಹಣೆಯ ಮೇಲೆ. ಕೈ ಕವುಚಿ ಗುಳಿಗೆ ಇಳಿದ ಕೂಡಲೇ ಅದಕ್ಕೆ ಅಂಗೈಯ ಹಿಂಬದಿ ಮಾತ್ರ ಕಾಣುತ್ತೆ, ಬೆರಳ ತುದಿಗಳೆಲ್ಲ ಮರೆ, ಅವು ಎಲ್ಲಿವೆ ಅಂತ ಅದು ಸುಮ್ನೆ ಊಹಿಸುತ್ತೆ. ಹೆಬ್ಬೆರಳು ಬೀಜ ಜಾರಿಸೋದಂತೂ ಅದರ ಕಣ್ಣಿಗೆ ಬೀಳೋದೇ ಇಲ್ಲ.

ಮಧ್ಯಾಹ್ನ ಪೂರ್ತಿ ಇದರಲ್ಲೇ ಕಳೆದೆ. ಬೆರಳಿನ ಆಸೆ ಬಿಟ್ಟು ಮಣಿಕಟ್ಟು ಹಿಡಿದೆ, ಅದು ಯಾವಾಗಲೂ ಕಾಣುತ್ತೆ. ಮುಚ್ಚಿದ ಕೈ ಗುಳಿಯಿಂದ ಮೇಲೆ ಬಂದರೆ ಅದರಲ್ಲಿದ್ದ ಬೀಜವೆಲ್ಲ ಕೈಯೊಳಗೆ. ಆಮೇಲೆ ಮುಂದಿನ ಗುಳಿಯ ಮೇಲೆ ಮಣಿಕಟ್ಟು ಸ್ವಲ್ಪ ಬಗ್ಗಿದರೆ ಒಂದು ಬೀಜ ಬೀಳುತ್ತೆ. ಮುಂದೆ ಯಾವ ಗುಳಿ, ಎಷ್ಟು ಬೀಜ ಅಂತ ಆಟದ ನಿಯಮಕ್ಕೆ ಮೊದಲೇ ಗೊತ್ತಿದೆಯಲ್ಲ, ಹಾಗಾಗಿ ಕಾಣದ್ದನ್ನು ನಿಯಮ ತುಂಬಿಕೊಡುತ್ತೆ. ಇದು ಮೋಸ ಅಂತ ಕೆಲವರು ಹೇಳಬಹುದು. ನನಗೆ ಹಾಗನ್ನಿಸಲ್ಲ. ಬೆರಳಿನ ಪ್ರತಿ ಮಿಲಿಮೀಟರ್ ಅಳೆಯೋದಕ್ಕಿಂತ ಕೈ ಏನು ಮಾಡೋಕೆ ಹೊರಟಿದೆ ಅಂತ ತಿಳಿಯೋದು ಮುಖ್ಯ.

ಇನ್ನೊಂದು ಬದಲಾವಣೆ ಸಣ್ಣದು, ಆದರೆ ಅದರಿಂದಲೇ ಜಾಸ್ತಿ ಲಾಭವಾಯಿತು. ಅಟ್ಟದಲ್ಲಿದ್ದ ಹಳೇ ಮಣೆ ಇಳಿಸಿ, ಒರೆಸಿ, ಮೇಜಿನ ಮೇಲಿಟ್ಟೆ. ನನ್ನ ಮಣೆಯ ಚಿತ್ರವನ್ನು ತೆಗೆದುಹಾಕಿ ಬೀಜಗಳನ್ನು ಆ ನಿಜವಾದ ಗುಳಿಗಳಿಗೇ ಕೂರಿಸಿದೆ. ಮೊದಲು ಕೈ ಎಲ್ಲಿಯವರೆಗೆ ಇಳಿಸಬೇಕು ಅಂತ ಗೊತ್ತಾಗದೆ ದೊಡ್ಡಮ್ಮ ಗಾಳಿಯಲ್ಲಿ ತಡವರಿಸುತ್ತಿದ್ದರು. ಈಗ ಬೆರಳಿಗೆ ಮರ ತಾಗುತ್ತೆ. ಬೀಜ ಸುಳ್ಳು, ಗುಳಿ ನಿಜ, ಕೈಗೆ ಅಷ್ಟೇ ಸಾಕಾಯಿತು. ಅಕ್ಕನ ಹತ್ತಿರವೂ ಒಂದು ಮಣೆ ಇದೆ, ಮದುವೆಯಾಗಿ ಹೋಗುವಾಗ ದೊಡ್ಡಮ್ಮನೇ ಕೊಟ್ಟಿದ್ದು. ಎರಡರ ಗುಳಿಗಳ ಅಳತೆ ಬೇರೆ ಇರಬಹುದು, ಅದನ್ನು ಸರಿಹೊಂದಿಸಬೇಕು.

ಸಂಜೆ ನನ್ನ ಜೊತೆ ಒಂದು ಆಟ ಪೂರ್ತಿ ಆಡಿದರು. ನಾನು ಸೋತೆ. ನಡುವೆ ಒಂದು ಸಲ ಬೀಜ ಬಾಚಿಕೊಂಡು, ಮುಷ್ಟಿಯನ್ನು ಕಿವಿ ಹತ್ತಿರ ತಂದು ಅಲುಗಿಸಿದರು. ಒಳಗೆ ಎಷ್ಟಿವೆ ಅಂತ ತಿಳಿಯೋಕೆ ಅವರು ಮೊದಲಿಂದಲೂ ಹಾಗೇ ಮಾಡೋದು. ಸದ್ದು ಬರಲಿಲ್ಲ. ಕೈ ಹಾಗೇ ನಿಂತಿತು, ಮುಖ ಸ್ವಲ್ಪ ಸಪ್ಪೆಯಾಯಿತು.

ಊರಿಂದ ಬರುವಾಗ ಬಟ್ಟೆಯ ಗಂಟಿನಲ್ಲಿ ಹುಣಸೆ ಬೀಜ ತಂದಿದ್ದಾರೆ. ಬೆಳಿಗ್ಗೆ ಐದಕ್ಕೇ ಏಳುತ್ತಾರಂತೆ, ರಸ್ತೆಯಲ್ಲಿ ಗಾಡಿಗಳ ಸದ್ದು ಶುರುವಾಗೋದಕ್ಕೆ ಮುಂಚೆ. ಅವರ ಮುಷ್ಟಿಯಲ್ಲೇ ಎರಡು ಬೀಜ, ನಾಲ್ಕು, ಏಳು, ಹನ್ನೆರಡು ಹಾಕಿ ಅಲುಗಿಸಿ ರೆಕಾರ್ಡ್ ಮಾಡಬೇಕು. ಮೈಕ್ ತೆಗೆದಿಟ್ಟಿದ್ದೇನೆ.