ಭಾವನ ಮೂಗು, ಅಕ್ಕನ ಸಾರು

ಮೊನ್ನೆ ಮಂಗಳವಾರ ಭಾವನನ್ನು ಇ.ಎನ್.ಟಿ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆವು. ಪುಣ್ಯಕ್ಕೆ ಅಕ್ಕನೂ ಬಂದಿದ್ದಳು.

"ವಾಸನೆ ಗೊತ್ತಾಗುತ್ತಾ ಅಂಕಲ್?" ಅಂತ ಡಾಕ್ಟರಮ್ಮ ಕೇಳಿದರು.

"ಚೆನ್ನಾಗೇ ಗೊತ್ತಾಗುತ್ತೆ" ಅಂದರು ಭಾವ.

"ಎಲ್ಲಿ ಗೊತ್ತಾಗುತ್ತೆ? ಮೊನ್ನೆ ಹಾಲು ಸೀದು ತಳ ಹಿಡೀತು. ಇವರು ಅಡುಗೆಮನೆ ಬಾಗಿಲಲ್ಲೇ ಪೇಪರ್ ಓದ್ತಾ ಕೂತಿದ್ರು" ಅಂದಳು ಅಕ್ಕ.

ಭಾವ ಬೆಪ್ಪಾಗಿ ಅವಳ ಮುಖ ನೋಡಿದರು. ಅವರು ಸುಳ್ಳು ಹೇಳಿರಲಿಲ್ಲ, ಪಾಪ. ವಾಸನೆ ಹೋಗಿದ್ದು ಅವರಿಗೇ ಗೊತ್ತಿರಲಿಲ್ಲ. ಕಿವಿ ಮಂದವಾದರೆ ಪಕ್ಕದವರು ರೇಗಿಸಿಯಾದರೂ ತಿಳಿಸುತ್ತಾರೆ. ಮೂಗಿನ ವಿಷಯ ಯಾರು ಹೇಳಬೇಕು?

ಆಮೇಲೆ ಮೂಗಿಗೆ ಮರಗಟ್ಟುವ ಔಷಧಿ ಹಾಕಿ, ಕ್ಯಾಮೆರಾ ಇರುವ ಸಣ್ಣ ನಳಿಗೆ ಬಿಟ್ಟರು. ಪರದೆ ಮೇಲೆ ಸುಲಿದ ದ್ರಾಕ್ಷಿಯಂಥದ್ದು ಜೋತಾಡುತ್ತಿತ್ತು. ಭಾವ ಬೆವೆತು ಹೋದರು. "ಪಾಲಿಪ್ ಅಂಕಲ್, ಹೆದರಬೇಡಿ. ವರ್ಷಗಟ್ಟಲೆ ಊದಿಕೊಂಡ ಒಳಪದರವೇ ಹೀಗೆ ಜೋತು ಬೀಳುತ್ತೆ. ನೋವು ಬರಲ್ಲ, ಅದಕ್ಕೇ ಯಾರೂ ಬೇಗ ಬರಲ್ಲ" ಅಂದರು ಡಾಕ್ಟರಮ್ಮ. ಸಿ.ಟಿ. ಸ್ಕ್ಯಾನ್‌ಗೂ ಬರೆದುಕೊಟ್ಟರು.

ಮೂಗಿನ ಒಳಪದರದ ತುಂಬಾ ಕಣ್ಣಿಗೆ ಕಾಣದ ಎಳೆಗಳಿರುತ್ತವೆ. ಸೆಕೆಂಡಿಗೆ ಹತ್ತು ಸಲಕ್ಕೂ ಜಾಸ್ತಿ ಬಡಿಯುತ್ತಾ ಸಿಂಬಳವನ್ನು ಗಂಟಲ ಕಡೆ ಸಾಗಿಸುತ್ತವೆ. ಕೆನ್ನೆಯ ಮೂಳೆಯೊಳಗೆ ಸೈನಸ್ ಅಂತ ಗಾಳಿ ತುಂಬಿದ ಗೂಡಿದೆ, ಮೂಗಿಗೆ ತೆರೆಯುವ ಅದರ ಬಾಗಿಲಂತೂ ಮೇಲ್ಗಡೆ ಇದೆ. ಅಲ್ಲಿಂದ ಸಿಂಬಳವನ್ನು ಮೇಲಕ್ಕೇ ಹತ್ತಿಸಬೇಕು. ಎಂಥ ಕಷ್ಟದ ಕೆಲಸ! ಫ್ಲೂ ವೈರಸ್ ಈ ಎಳೆಗಳಿರುವ ಜೀವಕೋಶಗಳನ್ನೇ ಉದುರಿಸಿಬಿಡುತ್ತದೆ. ಮತ್ತೆ ಬೆಳೆಯಲು ವಾರಗಳು ಬೇಕು. ಮಾಮೂಲಿ ನೆಗಡಿಯ ರೈನೋವೈರಸ್ ಅಷ್ಟು ಹಾಳು ಮಾಡಲ್ಲ. ಅದನ್ನು ಓಡಿಸಲು ನಮ್ಮ ಮೈ ಮಾಡುವ ಗಲಾಟೆಯಿಂದಲೇ ಊತ, ಸೋರಿಕೆ ಎಲ್ಲ. ಬೇರೆಯವರಿಗೆ ವಾರ, ಹತ್ತು ದಿನದಲ್ಲಿ ಊತ ಇಳಿಯುತ್ತದೆ. 12 ವಾರ ದಾಟಿದರೆ ಅದು ದೀರ್ಘಕಾಲದ ಸೈನಸ್ ಕಾಯಿಲೆ. ಭಾವನದು ಅದನ್ನು ದಾಟಿ ವರ್ಷಗಳಾಗಿವೆ. ಹಳೇ ಊತದ ಮೇಲೆ ಪ್ರತಿ ನೆಗಡಿಯೂ ಹೊಸದನ್ನು ಸೇರಿಸುತ್ತಿತ್ತು.

"ಸಿಂಬಳ ಹಸಿರಾಗಿದೆ, ಆ್ಯಂಟಿಬಯಾಟಿಕ್ ಬರೀರಿ" ಅಂತ ಭಾವ ಹಟ ಹಿಡಿದರು. ಮಾತ್ರೆ ಬರೆಯದವರು ಅವರ ಲೆಕ್ಕದಲ್ಲಿ ಡಾಕ್ಟರೇ ಅಲ್ಲ. ಆ ಹಸಿರು ನಮ್ಮದೇ ಬಿಳಿ ರಕ್ತಕಣಗಳ ಕಿಣ್ವದ ಬಣ್ಣವಂತೆ, ಬರೀ ವೈರಸ್ ನೆಗಡಿಯಲ್ಲೂ ಬರುತ್ತದಂತೆ. ಡಾಕ್ಟರಮ್ಮ ಬರೆದದ್ದು ದಿನಾ ಹಾಕಿಕೊಳ್ಳುವ ಸ್ಟಿರಾಯ್ಡ್ ಸ್ಪ್ರೇ. ತುದಿಯನ್ನು ಮೂಗಿನ ನಡುಗೋಡೆಗೆ ಹಿಡಿಯದೆ ಕಿವಿಯ ಕಡೆ ತಿರುಗಿಸಬೇಕು. ಕುದಿಸಿ ಆರಿಸಿದ ನೀರಲ್ಲಿ ಉಪ್ಪು ಹಾಕಿ ತೊಳೆಯಲೂ ಹೇಳಿದರು. ನಲ್ಲಿ ನೀರು ಮಾತ್ರ ಬೇಡ.

ನನಗೆ ಮಾತ್ರ ಆ "ಚೆನ್ನಾಗೇ ಗೊತ್ತಾಗುತ್ತೆ" ತಲೆಯಿಂದ ಹೋಗುತ್ತಿಲ್ಲ. ನಾಲಿಗೆಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ನಾಲ್ಕೈದು ರುಚಿ ಅಷ್ಟೇ. ಇಂಗು, ಕರಿಬೇವು, ತುಪ್ಪದ ಒಗ್ಗರಣೆ ಎಲ್ಲ ಮೂಗಿನ ಪಾಲು. ಇಷ್ಟು ವರ್ಷ ಊಟಕ್ಕೆ ಕೂತಾಗಲೆಲ್ಲ "ಸಾರು ಸಪ್ಪೆ" ಅಂದರಲ್ಲ ಈ ಮನುಷ್ಯ! ಅಕ್ಕ ಸಾರಿನ ಪುಡಿಯ ಅಳತೆ ಬದಲಿಸಿದಳು. ಇಂಗಿನ ಅಂಗಡಿ ಬದಲಿಸಿದಳು. ವಯಸ್ಸಾಯ್ತು, ಕೈರುಚಿ ಹೋಯ್ತು ಅಂತ ನನ್ನ ಹತ್ತಿರ ಹೇಳಿಕೊಂಡಿದ್ದಳು. ಅದೇ ಸಾರನ್ನು ನಾನು ಎರಡೆರಡು ಸಲ ಹಾಕಿಸಿಕೊಂಡು ಉಂಡಿದ್ದೇನೆ. ಭಾವ ಒಳ್ಳೆಯವರೇ. ಆದರೆ ತಟ್ಟೆಯಲ್ಲಿ ರುಚಿ ಇಲ್ಲ ಅಂದರೆ ತಪ್ಪು ಅಡುಗೆಮನೆಯದೇ ಅನ್ನುವ ಗಂಡಸರ ಪೈಕಿ. 2020ರಲ್ಲಿ ಕೊರೋನಾ ಬಂದು ಊರಿಗೆ ಊರೇ ವಾಸನೆ ಕಳೆದುಕೊಂಡಾಗಲೂ ಇವರಿಗೆ ತಮ್ಮ ಮೂಗಿನ ಮೇಲೆ ಅನುಮಾನ ಬರಲಿಲ್ಲ.

ವಾಸನೆ ನಿಧಾನಕ್ಕೆ ಬರಬಹುದಂತೆ, ಪೂರ್ತಿ ಬರದೆಯೂ ಇರಬಹುದಂತೆ. "ಆ ಹುಡುಗಿ ಮಾತು ಜಾಸ್ತಿ" ಅಂದರು ಭಾವ ಆಟೋದಲ್ಲಿ. ಅಕ್ಕ ಅದಕ್ಕೆ ಉತ್ತರ ಕೊಡಲಿಲ್ಲ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತಲೇ ಕೆಟ್ಟ ವಾಸನೆ ಬೆರೆಸುತ್ತಾರೆ. ಅವಳು ಇಲ್ಲದಾಗ ಕಾಫಿಗೆ ಒಲೆ ಹಚ್ಚುವವರು ಇವರೇ. ಎಲೆಕ್ಟ್ರಿಕಲ್ ಅಂಗಡಿ ಕಂಡ ಕೂಡಲೇ ಆಟೋ ನಿಲ್ಲಿಸಿ, ಗ್ಯಾಸ್ ಸೋರಿದರೆ ಕೂಗುವ ಅಲಾರಂ ಇದೆಯಾ ಅಂತ ಕೇಳಲು ಇಳಿದಳು.