ಮನಸ್ಸು ಕುಗ್ಗಿದಾಗಿನ ಊಟ

ಇವತ್ತು ಗೆಳತಿ ಜೊತೆ ವಿಡಿಯೋ ಕಾಲ್. ದಿಂಬಿನ ಪಕ್ಕ ಅರ್ಧ ಖಾಲಿಯಾದ ಬಿಸ್ಕತ್ ಪೊಟ್ಟಣ, ಹೊದಿಕೆ ಮೇಲೆಲ್ಲಾ ಪುಡಿ.
"ಬೆಳಿಗ್ಗೆಯಿಂದ ಇದೇ ಕಣೇ. ಎದ್ದು ಒಲೆ ಹಚ್ಚೋಕೂ ಆಗ್ತಿಲ್ಲ" ಅಂದಳು.

ಸೋಮಾರಿತನ ಅಂದ್ಕೋಬೇಡಿ. ಖಿನ್ನತೆ ಕೆಲವರ ಹಸಿವನ್ನೇ ಕಿತ್ಕೊಳ್ಳುತ್ತೆ, ಕೆಲವರಿಗೆ ಬರೀ ಸಿಹಿ ಬೇಕು ಅನ್ಸುತ್ತೆ. ಅಡುಗೆ ಮಾಡೋ ತ್ರಾಣವಂತೂ ಇರಲ್ಲ.

2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕಿ ಫೆಲೀಸ್ ಜಾಕಾ ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತ್ತು. ಖಿನ್ನತೆ ಇದ್ದ 67 ಜನ, 12 ವಾರ. ಅರ್ಧದಷ್ಟು ಜನಕ್ಕೆ ಆಹಾರತಜ್ಞರ ನೆರವು: ತರಕಾರಿ, ಕಾಳು, ಮೀನು, ಆಲಿವ್ ಎಣ್ಣೆ. ಉಳಿದವರಿಗೆ ಕೂತು ಮಾತಾಡೋಕೆ ಒಬ್ಬರು ಜೊತೆ. ಕೊನೆಗೆ ಮೊದಲ ಗುಂಪಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ಖಿನ್ನತೆಯಿಂದ ಹೊರಬಂದಿದ್ರು. ಇನ್ನೊಂದರಲ್ಲಿ ನೂರಕ್ಕೆ 8. ಸಣ್ಣ ಅಧ್ಯಯನ, ನಿಜ. ಬಹುತೇಕರು ಚಿಕಿತ್ಸೆಯಲ್ಲೂ ಇದ್ರು.

ಹಾಗಾಗಿ ಮಾತ್ರೆ ಬಿಟ್ಟು ಸೊಪ್ಪು ತಿನ್ನಿ ಅನ್ನೋರ ಮಾತು ದಯವಿಟ್ಟು ಕೇಳಬೇಡಿ. "ಚೆನ್ನಾಗಿ ತಿನ್ನು" ಅಂತ ಹೇಳಿ ಫೋನ್ ಇಟ್ಟುಬಿಡೋದೂ ಬೇಡ. ಆ 12 ವಾರ ಮೊದಲ ಗುಂಪಿನವರಿಗೆ ಊಟ ಬದಲಿಸೋಕೆ ಆಹಾರತಜ್ಞರ ನೆರವು ಇತ್ತಲ್ಲ, ನನಗೆ ಅದೂ ಮುಖ್ಯ ಅನ್ಸಿತು.

ನಾಳೆ ಅವಳ ಮನೆಗೆ ಹೋಗ್ತಿದೀನಿ. ಎರಡು ದಿನಕ್ಕಾಗೋಷ್ಟು ಕಾಳು, ತರಕಾರಿ ಬೇಯಿಸಿ ಫ್ರಿಜ್‌ನಲ್ಲಿಟ್ಟು ಬರ್ತೀನಿ.